ಕೆಂಪಂಗಿ ತಂಡದ ಕೊನೆಯ ಪಂದ್ಯ

ಫುಟ್‌ಬಾಲ್ ತೋರಿಸುವ ಆ್ಯಪಿನ ದರ ಒಂದೇ ವರ್ಷದಲ್ಲಿ ಎರಡು ಸಲ ಏರಿತು. ಇಂಡಿ ಬಸ್ ಸ್ಟ್ಯಾಂಡ್ ಎದುರು ಫಕ್ರುದ್ದೀನ ಮಾರುವ ಚಹಾ ಮಾತ್ರ ಹತ್ತು ರೂಪಾಯಿಯಲ್ಲೇ ನಿಂತಿತ್ತು. ಅವನು ಆ್ಯಪಿನ ಪ್ಯಾಕ್ ಬಂದ್ ಮಾಡಿಸಿಬಿಟ್ಟ. ಗೋಡೆಯ ಟಿವಿಯಲ್ಲಿ ಈಗ ನಮ್ಮ ಮುಖಗಳೇ ಕಾಣುತ್ತಿದ್ದವು, ಅದೂ ಕಪ್ಪಗೆ.

ಆ ರವಿವಾರ ಸೀಸನ್ನಿನ ಕೊನೆಯ ಆಟ. ನಾವು ನೆಚ್ಚಿದ ಇಂಗ್ಲೆಂಡಿನ ಕೆಂಪಂಗಿ ತಂಡ ಸೋತರೆ ಕೆಳಗಿನ ಲೀಗಿಗೆ ಜಾರುತ್ತಿತ್ತು. ನಿಂಬೆ ಮಾರ್ಕೆಟ್ಟಿನಲ್ಲಿ ತೂಕ ಮಾಡುವ ನಬಿಲಾಲ ಕಾಕಾ ಹದಿನಾಲ್ಕು ವರ್ಷದಿಂದ ಅದರ ಒಂದು ಆಟವನ್ನೂ ತಪ್ಪಿಸಿದವರಲ್ಲ. ಅವತ್ತು ಕೂತರು, ಎದ್ದರು, ಬೆಂಚು ಬದಲಿಸಿದರು, ಮತ್ತೆ ಎದ್ದರು.

"ಏನರ ಮಾಡೋ ಮುತ್ತುರಾಜ. ಆಟ ಸುರು ಆಗಾಕತ್ತೈತಿ."

ನನ್ನ ಮೊಬೈಲಿನಲ್ಲಿ ಆಟದ ಸುದ್ದಿ ನಿಮಿಷಕ್ಕೊಂದು ಸಾಲು ಪುಕ್ಕಟೆ ಬರುತ್ತಿತ್ತು. ಅದನ್ನೇ ಹಿಡಿದು, ನಿಂಬೆ ಹರಾಜಿನ ಸವಾಲು ಕೂಗುವವರ ದನಿಯಲ್ಲಿ ಶುರು ಮಾಡಿದೆ.

"ಒಬ್ಬನ್ನ ದಾಟಿದ, ಒಂದ ಸಲ. ಇನ್ನೊಬ್ಬನ್ನ ದಾಟಿದ, ಎರಡ ಸಲ. ಮುಂದ ಬರಾವ್ರು ಯಾರರ ಅದಾರೇನ್ರಿ?"

ಬಸ್ಸಿಗೆ ಕಾಯುತ್ತಿದ್ದವರೂ ಒಳಗೆ ಬಂದು ನಕ್ಕರು. ಕಾಕಾ ನಗಲಿಲ್ಲ. ಕಾಲು ಕುಣಿಸುತ್ತ ಸತ್ತ ಟಿವಿಯನ್ನೇ ನೋಡುತ್ತಿದ್ದರು.

ಅರ್ಧ ಆಟಕ್ಕೆ ಸೊನ್ನೆ-ಸೊನ್ನೆ. ಆಮೇಲೆ ನಮ್ಮ ಮೇಲೆ ಗೋಲಾಯಿತು. ಓದಿದೆ, ಕಾಕಾರ ಮುಖ ನೋಡಿದೆ, ಬಾಯಿ ತಾನೇ ಹೊರಳಿತು: "ಗೋಲ್‌ಕೀಪರ್ ಹಿಡದ." ಎರಡನೆಯ ಗೋಲನ್ನೂ ಅವನ ಕೈಗೇ ಹಾಕಿದೆ. ಎಪ್ಪತ್ತೈದನೇ ನಿಮಿಷಕ್ಕೆ ನಮ್ಮವರಿಗೊಂದು ಗೋಲನ್ನೂ ಕೊಟ್ಟುಬಿಟ್ಟೆ. ಕೊಡಲು ನನಗೇನು ಖರ್ಚು?

"ಕಾರ್ನರ್ ಬಂತು, ಕ್ಯಾಪ್ಟನ್ ತಲಿ ಕೊಟ್ಟ, ಒಳಗ!"

ಅಂಗಡಿ ಸೀಟಿ ಹೊಡೆಯಿತು. ಫಕ್ರುದ್ದೀನ ಎಲ್ಲರಿಗೂ ಪುಕ್ಕಟೆ ಚಹಾ ಸುರಿದ. ಕಾಕಾ ಎದ್ದು ಬಂದು ನನ್ನ ಎದುರು ನಿಂತರು.

"ಕ್ಯಾಪ್ಟನ್ ತಲಿ ಕೊಟ್ನೇನು?"

"ಹೌದ್ರಿ ಕಾಕಾ."

"ಆರು ವರ್ಷದಿಂದ ಅವನ್ನ ನೋಡೇನಿ. ಮ್ಯಾಲಿನ ಚೆಂಡು ಬಂದ್ರ ಅಂವಾ ತಲಿ ತಗ್ಗಸ್ತಾನ. ಎಷ್ಟ ಆಗ್ಯಾವ, ಖರೇ ಹೇಳು."

"ಎರಡು-ಸೊನ್ನೆ," ಅಂದೆ. "ಅವರ ಕಡೀಗೆ."

"ಮತ್ತ ನಾ ಚಹಾ ಹಾಕಿದ್ನಲ್ಲೋ," ಫಕ್ರುದ್ದೀನ ಗೊಣಗಿದ.

"ಕುಡದದ್ದು ಹೊಳ್ಳಿ ಬರಂಗಿಲ್ಲ, ಸುಮ್ಕಿರು." ಕಾಕಾ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಆ್ಯಪಿನವ್ರು ಆಟ ನೋಡೂದು ಕಸಗೊಂಡ್ರು. ಸೋಲರ ನಮ್ಮದು ನಮಗ ಇರ್ಲಿ. ಇದ್ದದ್ದು ಇದ್ದಂಗ ಓದು."

ನನ್ನ ಸ್ವಂತ ದನಿಯಲ್ಲೇ ಓದಿದೆ. ಮೂರನೇ ಗೋಲನ್ನೂ ಓದಿದೆ. ಕೊನೆಯ ಸೀಟಿಯವರೆಗೆ ಕಾಕಾ ನಿಂತೇ ಕೇಳಿದರು.

"ಕೆಳಗಿನ ಲೀಗ್ ನೋಡಾಕ ರೊಕ್ಕ ಕಡಿಮಿ ಇರಬೇಕಲ್ಲ?"

"ಆ ಆ್ಯಪಿನಾಗ ಅದು ಬರಂಗೇ ಇಲ್ರಿ ಕಾಕಾ," ಅಂದೆ.

ಅವರು ಹೆಗಲ ಮೇಲಿನ ಟವೆಲ್ ಜಾಡಿಸಿದರು.

"ಹಂಗಾರ ಆಗಸ್ಟ್‌ನ್ಯಾಗ ಹೊಸಾ ಸೀಸನ್ ಸುರು ಆದಾಗ ಬಾ. ಓದಾಕ."