ಯಂತ್ರಕ್ಕೆ ರೊಟ್ಟಿ ಕಲಿಸಿದ ತಿಂಗಳು

ಹನ್ನೊಂದನೆಯ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಿಂದ ಒತ್ತುವಾಗ ಭುವನೇಶ್ವರಿಯ ಮೂಗಿನ ತುದಿಗೆ ಬೆವರಿನ ಹನಿಯೊಂದು ಬಂದು ನಿಂತಿತು. ಒರೆಸಿಕೊಳ್ಳುವಂತಿರಲಿಲ್ಲ. ಕೈ ಎತ್ತಿದರೆ ಕೈ ಚಿತ್ರದಿಂದ ಹೊರಗೆ ಹೋಗುತ್ತದೆ, ಕೈ ಹೊರಗೆ ಹೋದರೆ ಹತ್ತು ನಿಮಿಷದ ವಿಡಿಯೊ ಇಡಿಯಾಗಿ ವಾಪಸು ಬರುತ್ತದೆ. ತಲೆ ಅಲ್ಲಾಡಿಸಿದರೂ ಕಷ್ಟ. ಹಣೆಗೆ ಪಟ್ಟಿ ಕಟ್ಟಿ ಸಿಕ್ಕಿಸಿದ ಫೋನು ರೊಟ್ಟಿಯನ್ನು ಬಿಟ್ಟು ಗೋಡೆ ನೋಡತೊಡಗುತ್ತದೆ. ಕೆಳತುಟಿ ಮುಂದೆ ಮಾಡಿ ಮೇಲಕ್ಕೆ ಊದಿದಳು. ಹನಿ ಪಕ್ಕಕ್ಕೆ ಹಾರಿತು, ಪುಣ್ಯಕ್ಕೆ ಹಿಟ್ಟಿನೊಳಗೆ ಬೀಳಲಿಲ್ಲ.

"ಮುಗೀತೇನ ನಿನ್ನ ಮೌನವ್ರತ?" ಬಾಗಿಲಾಚೆಯಿಂದ ಹನುಮವ್ವ ಕೇಳಿದಳು. ಚಾಳಿನ ಓಡಾಟದ ಜಾಗದಲ್ಲಿ ಗೋಣಿ ಹಾಸಿಕೊಂಡು ಅವಳು ಶೇಂಗಾ ಸುಲಿಯುತ್ತಿದ್ದಳು.

ಹಂಚಿನ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದ ನಜಮುನ್ನೀಸಾ ತುಟಿಯ ಮೇಲೆ ಬೆರಳಿಟ್ಟಳು. ದನಿ ಬಿದ್ದರೂ ವಿಡಿಯೊ ವಾಪಸೇ. ಆದರೆ ಹನುಮವ್ವನ ದನಿ ಆಗಲೇ ಬಿದ್ದಾಗಿತ್ತು. ಭುವನೇಶ್ವರಿ ಫೋನು ನಿಲ್ಲಿಸಿ, ಹಣೆಯ ಪಟ್ಟಿ ಸಡಿಲಿಸಿ, ಮೊದಲು ಮುಖ ಒರೆಸಿಕೊಂಡಳು. ನಂತರ ಹತ್ತು ನಿಮಿಷವನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ಹನುಮವ್ವನನ್ನು ಬಯ್ಯಲಿಲ್ಲ. ಬಯ್ಯುವ ಮುಖ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಲೆಯ ಮುಂದೆ ಕೂರುತ್ತಿದ್ದವಳನ್ನು ಎದ್ದು ಹೊರಗೆ ಹೋಗೆಂದವಳು ತಾನೇ.

ಸಯನ್ ಸ್ಟೇಷನ್ನಿನ ಹತ್ತಿರದ ಆ ನೆಲಮಹಡಿಯ ಕೋಣೆಯಲ್ಲಿ ಮೂವರೂ ಎಂಟು ವರ್ಷಗಳಿಂದ ಖಡಕ್ ರೊಟ್ಟಿ ಮಾಡುತ್ತಿದ್ದರು. ಸಯನ್, ಮಾಟುಂಗಾದ ಕನ್ನಡದ ಮನೆಗಳಿಗೆ, ಬೈಕುಲ್ಲಾದ ಒಂದು ಖಾನಾವಳಿಗೆ. ಭುವನೇಶ್ವರಿ ಮುಧೋಳದ ಕಡೆಯವಳು, ನಜಮುನ್ನೀಸಾ ವಿಜಯಪುರದವಳು. ಹನುಮವ್ವನ ಊರು ಬಾದಾಮಿಯ ಆಚೆ. ಮೂವತ್ತು ವರ್ಷ ಈ ಊರಿನ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತು, ಮಂಡಿ ಸವೆದ ಮೇಲೆ ಒಲೆಯ ಮುಂದೆ ಬಂದು ಕೂತವಳು.

ಬೆಳಗಿನ ಹೊತ್ತು ಆ ಕೋಣೆಯಲ್ಲಿ ಸುದ್ದಿ ಓದುವ ಪದ್ಧತಿ ಇತ್ತು. ನಜಮುನ್ನೀಸಾ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಒಂದು ಕೈಯಿಂದ ರೊಟ್ಟಿ ಮಗುಚುತ್ತ, ಹಿಂದಿಯ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ರಾಜಕೀಯ ಬೇಡ, ಅಪಘಾತ ಬೇಡ. ಹೊಸ ಹೊಸ ಯಂತ್ರಗಳ ಸುದ್ದಿಯೇ ಹನುಮವ್ವನಿಗೆ ಬೇಕು.

"ಹನುಮಕ್ಕಾ, ಹೊಸಾ ಫ್ರಿಜ್ ಬಂದೈತಂತ. ಒಳಗ ಏನೈತಿ, ಏನಿಲ್ಲ ತಾನ ನೋಡಿ ಹೇಳತೈತಂತ."

"ನಮ್ಮನಿಯವ ಇದ್ದಾಗ ಅದ ಕೆಲಸಾ ಮಾಡತಿದ್ದ ನೋಡ. ಗಡಿಗಿ ಮುಚ್ಚಳ ತೆಗದು 'ಏನೂ ಇಲ್ಲ' ಅಂದು ಹೊರಗ ಹ್ವಾದರ ಮುಗೀತು. ಕರೆಂಟೂ ಬೇಕಾಗತಿರಲಿಲ್ಲ."

"ಒಂದು ಉಂಗುರ ಬಂದೈತಿ. ರಾತ್ರಿ ನಿದ್ದಿ ಛಲೋ ಆತೋ ಇಲ್ಲೋ ಮುಂಜಾನೆ ಹೇಳತೈತಿ."

"ನಿದ್ದಿ ಆಗಿಲ್ಲ ಅಂದರ ಏನ ಮಾಡತೈತಿ? ಎದ್ದು ನೀರ ತುಂಬತೈತೇನ?"

ಯಾವುದೋ ದೇಶದಲ್ಲಿ ಒಬ್ಬ ಹೆಂಗಸು ಕಂಪ್ಯೂಟರಿನ ಜೊತೆ ಮಾತಾಡಿ ಮಾತಾಡಿ ಅದನ್ನೇ ಮದುವೆಯಾಗುತ್ತೇನೆ ಅಂದಳಂತೆ. ಆವತ್ತು ಹನುಮವ್ವ ಬಡಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದ್ದಳು. "ಕೇಳಿದ್ದಕ್ಕ ಉತ್ತರಾ ಕೊಡತೈತೇನದು?" "ಹೂಂ, ತಕ್ಷಣ." "ಹಂಗಾರ ಮಾಡಿಕೊಳ್ಳಲಿ ಬಿಡು."

ಇಂಥ ಸುದ್ದಿಯೊಂದು ಅವರ ಕೋಣೆಗೇ ನಡೆದು ಬಂದದ್ದು ಭುವನೇಶ್ವರಿಯ ಮಗಳು ಅನುರಾಧಾಳಿಂದ. ಅವಳು ಮಲಾಡಿನ ಒಂದು ಆಫೀಸಿನಲ್ಲಿ ಐದು ತಿಂಗಳಿಂದ ಕೆಲಸದಲ್ಲಿದ್ದಳು, ಇನ್ನೂ ಕಾಯಂ ಆಗಿರಲಿಲ್ಲ. ಮನೆಗೆಲಸ ಮಾಡುವ ರೋಬೋಟುಗಳಿಗೆ ಕೈಕೆಲಸ ಕಲಿಸಬೇಕು, ಅದಕ್ಕೆ ನಿಜವಾದ ಹೆಂಗಸರ ಕೈಗಳ ವಿಡಿಯೊ ಬೇಕು ಎಂದು ಬಂದು ಕೂತಳು. ತಿಂಗಳ ಕೊನೆಯೊಳಗೆ ಅವಳು ನಲವತ್ತು ಗಂಟೆಯ ರೊಟ್ಟಿ ಬಡಿಯುವ ಕೆಲಸ ತೋರಿಸಬೇಕು. ತೋರಿಸಿದರೆ ಕಾಯಂ. ಇಲ್ಲದಿದ್ದರೆ ಮತ್ತೆ ಕೆಲಸ ಹುಡುಕಬೇಕು.

"ಆ ರೋಬೋಟಿಗೆ ಹಸಿವ ಆಗತೈತೇನಬೇ?" ಹನುಮವ್ವ ಕೇಳಿದಳು.

"ನಹೀ ಆಯಿ. ಅದು ದೂಸ್ರೇ ಮಂದೀಗೆ ಮಾಡಿ ಕೊಡ್ತದ."

"ತಾವು ಉಣ್ಣದವರು ಮಾಡಿದ ಅಡಗಿ ನಾ ಉಂಡೀನಿ. ನಮ್ಮತ್ತಿ ಏಕಾದಶಿ ದಿನಾ ಮಾಡತಿದ್ದಳು. ಬಾಯಾಗಿಡಾಕ ಆಗತಿರಲಿಲ್ಲ."

ಆದರೂ ಮೊದಲು ಪಟ್ಟಿ ಕಟ್ಟಿಸಿಕೊಂಡವಳು ಹನುಮವ್ವನೇ. ಅನುರಾಧಾ ಕೂಸಾಗಿದ್ದಾಗ ತೊಡೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿದವಳು ಅವಳು. ಒಂಬತ್ತು ವಿಡಿಯೊ ಮಾಡಿದಳು, ಒಂಬತ್ತೂ ವಾಪಸು ಬಂದವು. ಅನುರಾಧಾ ಸಂಕೋಚದಿಂದ ಕಾರಣಗಳನ್ನು ಓದಿ ಹೇಳಿದಳು: ಮಾತು, ನಗು, ಬೇಡದ ಚಲನೆ, ಕೈ ಹೊರಗೆ. ಹನುಮವ್ವನಿಗೆ ಕೈ ಆಡಿಸದೆ ಮಾತು ಬರುವುದಿಲ್ಲ. ರೊಟ್ಟಿ ತಿರುಗುತ್ತಿದ್ದಂತೆಯೇ ಒಂದು ಕೈ ಎದ್ದು ಹಿಂದೆ ಇಟ್ಟಿಗೆ ಹೊರಿಸುತ್ತಿದ್ದ ಮುಕಾದಮನ ನಡಿಗೆ ತೋರಿಸುತ್ತದೆ, ನಜಮುನ್ನೀಸಾಳ ಬೆನ್ನಿಗೆ ಗುದ್ದುತ್ತದೆ, ಮತ್ತೆ ಬಂದು ರೊಟ್ಟಿಯ ಅಂಚು ಹಿಡಿಯುತ್ತದೆ. ರೊಟ್ಟಿ ಮಾತ್ರ ಹಾಳೆಯಷ್ಟು ತೆಳ್ಳಗೆ ಬರುತ್ತದೆ. ನಜಮುನ್ನೀಸಾಳ ವಿಡಿಯೊಗಳಲ್ಲಿ ಹಂಚಿನ ಹಬೆ ಬಿಟ್ಟರೆ ಏನೂ ಕಾಣಲಿಲ್ಲ.

ಭುವನೇಶ್ವರಿಯದು ಮೊದಲ ಸಲವೇ ಒಪ್ಪಿಗೆಯಾಯಿತು. ಐದಕ್ಕೆ ಐದು ನಕ್ಷತ್ರ.

ಆ ನಕ್ಷತ್ರ ನೋಡಿ ಅವಳಿಗಾದ ಸಂತೋಷವನ್ನು ಅವಳು ಯಾರಿಗೂ ತೋರಿಸಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ. ಗಂಡ ಕಾಶಿನಾಥ ಒಳ್ಳೆಯವನೇ. ಆದರೆ ರೊಟ್ಟಿಯ ವಿಷಯ ಅವನ ಬಾಯಲ್ಲಿ ಬರುವುದು ತಟ್ಟೆಯಲ್ಲಿ ರೊಟ್ಟಿ ಇಲ್ಲದಾಗ ಮಾತ್ರ. ಅವಳ ಕೈಗಳನ್ನು ಒಬ್ಬರು ಕೂತು ಹತ್ತು ನಿಮಿಷ ನೋಡಿದರು, ನೋಡಿ ಚೆನ್ನಾಗಿದೆ ಅಂದರು. ಅದು ಯಂತ್ರವೋ ಮನುಷ್ಯರೋ, ಎಲ್ಲಿ ಕೂತಿದ್ದಾರೋ ಅವಳಿಗೆ ಬೇಕಾಗಿರಲಿಲ್ಲ. ಮರುದಿನದಿಂದ ಅವಳ ಕೈ ಇನ್ನಷ್ಟು ಅಚ್ಚುಕಟ್ಟಾಯಿತು. ಸದ್ದು ಬರುತ್ತದೆಂದು ಗಾಜಿನ ಬಳೆ ತೆಗೆದು ಗೂಡಿನಲ್ಲಿಟ್ಟಳು.

"ಗಂಡ ಗಟ್ಟಿ ಅದಾನಲ್ಲ ಇನ್ನೂ, ಬಳಿ ಯಾಕ ತೆಗದಿ?" ಅಂದಳು ಹನುಮವ್ವ. ನಗುತ್ತ ಅಂದರೂ ಅದು ಚುಚ್ಚಿತು.

ಒಂದು ವಾರದ ಮೇಲೆ ಅನುರಾಧಾ ಅಳುವ ಮುಖ ಮಾಡಿ ಬಂದಳು. "ಮಮ್ಮಿ, ಆಯೀದು ಆವಾಜ್ ಬರಾಕತ್ತದ. ಅರ್ಧಾ ವಿಡಿಯೊ ರಿಜೆಕ್ಟ್. ಆಯೀಗೆ ಬಾಹರ್ ಕೂಡ್ಸು ನಾ. ಸಿರ್ಫ್ ಇಪ್ಪತ್ತು ದಿನ."

ಭುವನೇಶ್ವರಿ ಅದನ್ನು ಹನುಮವ್ವನಿಗೆ ಹೇಳಿದಳು. ವಾದ ಮಾಡುತ್ತಾಳೆ, ಬಯ್ಯುತ್ತಾಳೆ, ಒಂದು ಗಾದೆ ಒಗೆಯುತ್ತಾಳೆ ಎಂದುಕೊಂಡಿದ್ದಳು. ಹನುಮವ್ವ "ಹುಡುಗಿ ಕೆಲಸದ ಮಾತಲ್ಲೇನ" ಎಂದು ಗೋಣಿ ಎತ್ತಿಕೊಂಡು ಹೊರಗೆ ಹೋದಳು.

ಆಮೇಲೆ ಕೋಣೆಯಲ್ಲಿ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಲೋಕಲ್ ಗಾಡಿ ಹೋಗುವುದು ಕೇಳತೊಡಗಿತು. ನಜಮುನ್ನೀಸಾ ಸುದ್ದಿಯನ್ನು ಮನಸ್ಸಿನಲ್ಲೇ ಓದಿಕೊಂಡು ಒಬ್ಬಳೇ ನಗುತ್ತಿದ್ದಳು. ಏನದು ಎಂದು ಕಣ್ಣಲ್ಲಿ ಕೇಳಿದರೆ ಆಮೇಲೆ ಎಂದು ಕೈ ಆಡಿಸುವಳು. ಆಮೇಲೆ ಎಂಬ ಹೊತ್ತಿಗೆ ಅದು ನಗುವ ಮಾತಾಗಿ ಉಳಿದಿರುತ್ತಿರಲಿಲ್ಲ.

ಹೊರಗಿನಿಂದ ಮೌನವ್ರತದ ಮಾತು ಬಿದ್ದ ಮರುದಿನ ಹನುಮವ್ವ ಬರಲಿಲ್ಲ.

"ಧಾರಾವಿ ಕಡೆ ಬಳ್ಳೊಳ್ಳಿ ಸುಲಿಯೂ ಕೆಲಸಾ ಹಿಡದಾಳಂತಕ್ಕಾ," ಚಾದರ ಕಳಚುತ್ತ ನಜಮುನ್ನೀಸಾ ಹೇಳಿದಳು. "ಅಲ್ಲಿ ಹತ್ತು ಮಂದಿ ಹೆಂಗಸರು ಅದಾರ, ಮಾತಿಗೆ ಕಮ್ಮಿ ಇಲ್ಲ ಅಂದಳು. ಇನ್ನ ಮ್ಯಾಲ ಬರೂದಿಲ್ಲ ಅಂತ ಕಾಣತೈತಿ."

ಭುವನೇಶ್ವರಿ ಹಣೆಯ ಪಟ್ಟಿ ಕೈಗೆತ್ತಿಕೊಂಡಳು. ಹೊತ್ತಾಗಿತ್ತು. ಶೀಲಾವತಿ ಟೀಚರ ಮನೆಯ ಸೀಮಂತಕ್ಕೆ ಸಂಜೆಯೊಳಗೆ ರೊಟ್ಟಿ ಹೋಗಬೇಕಿತ್ತು. ಜೋಳ ಬೀಸಿಸಿಕೊಂಡು ಬರುವುದು, ಯಾವ ಚೀಲ ಮೊದಲು ತೆಗೆಯಬೇಕೆಂದು ಹೇಳುವುದು, ಎಸರಿಡುವುದು, ಎಲ್ಲ ಹನುಮವ್ವನ ಕೆಲಸ. ಅವಳು ಹಿಟ್ಟನ್ನು ಮೂಸಿ ನೋಡಿಯೇ ವಯಸ್ಸು ಹೇಳುತ್ತಿದ್ದಳು. ನಜಮುನ್ನೀಸಾ ಕೈಗೆ ಸಿಕ್ಕ ಚೀಲ ಬಿಚ್ಚಿದಳು. ಭುವನೇಶ್ವರಿ ಪಟ್ಟಿ ಕಟ್ಟಿ ಫೋನು ಶುರುಮಾಡಿಬಿಟ್ಟಿದ್ದಳು, ನಿಮಿಷ ಓಡುತ್ತಿತ್ತು. ನೀರು ಇನ್ನೂ ಕುದಿ ಬಂದಿರಲಿಲ್ಲ, ಹಾಗೇ ಹಿಟ್ಟಿಗೆ ಸುರಿದಳು.

ನಾದುವಾಗಲೇ ಗೊತ್ತಾಯಿತು. ಹಿಟ್ಟು ಹಳತು, ಎಸರು ಕುದ್ದಿಲ್ಲ, ಜಿಗಿ ಹೇಗೆ ಬರಬೇಕು? ಗೋದಿಯಂತೆ ಜೋಳ ತನ್ನಷ್ಟಕ್ಕೆ ಕೂಡಿಕೊಳ್ಳುವ ಹಿಟ್ಟಲ್ಲ, ಕುದಿಯುವ ನೀರೇ ಅದನ್ನು ಹಿಡಿದಿಡಬೇಕು. ಬಡಿದಷ್ಟೂ ಅಂಚು ಸೀಳಿತು. ಸೀಳಿದ್ದನ್ನು ಹೆಬ್ಬೆರಳಿನಿಂದ ಮುಚ್ಚುತ್ತ, ಮತ್ತೆ ತಿರುಗಿಸುತ್ತ, ಅವಳು ನಿಲ್ಲಿಸದೆ ಬಡಿದಳು. ನಿಲ್ಲಿಸಿದರೆ ಗಂಟೆ ಹೋಗುತ್ತದೆ. ಹಂಚಿನ ಮೇಲೆ ಒಂದೊಂದೂ ಒಣಗಿದ ಕೆರೆಯ ತಳದಂತೆ ಬಿರಿಯಿತು. ನಜಮುನ್ನೀಸಾ ತುಣುಕುಗಳನ್ನು ಬುಟ್ಟಿಯಲ್ಲಿ ಪೇರಿಸುತ್ತ ಅವಳ ಮುಖ ನೋಡಿದಳು. ಮಾತಾಡುವಂತಿರಲಿಲ್ಲವಲ್ಲ.

ಮಧ್ಯಾಹ್ನ ಭುವನೇಶ್ವರಿ ಟೀಚರಿಗೆ ಫೋನು ಮಾಡಿ ರೊಟ್ಟಿ ಆಗಲಿಲ್ಲ ಎಂದು ಹೇಳಿದಳು. ಎಂಟು ವರ್ಷದಲ್ಲಿ ಮೊದಲ ಸಲ. "ಹನುಮಕ್ಕಗ ಆರಾಮಿಲ್ಲೇನ್ರೀ?" ಎಂದು ಅವರು ಕೇಳಿದರು. ಬೇರೇನನ್ನೂ ಕೇಳಲಿಲ್ಲ.

ಸಂಜೆ ಅನುರಾಧಾ ಚಪ್ಪಲಿ ಬಿಡುವ ಮೊದಲೇ ತಾಯಿಯನ್ನು ಅಪ್ಪಿಕೊಂಡಳು. "ಮಮ್ಮಿ, ಆಜ್ ಕಾ ವಿಡಿಯೊ ಬೆಸ್ಟ್ ಆಗ್ಯದ. ಮಾಡೆಲ್ ಅಂತ ಇಟ್ಟಾರ. ಬೇರೆ ಸೆಂಟರ್ ಹೆಂಗಸರಿಗೆ ಇದನ್ನ ತೋರಿಸ್ತಾರಂತ, ಐಸಾ ಕರೋ ಅಂತ."

"ಇವತ್ತಿನದೇನ?"

"ಹಾಂ. ಬೆರಳಿಂದ ಅಂಚು ಮುಚ್ಚತೀಯಲ್ಲ, ಅದು ಬಹಳ ಪಸಂದ್ ಬಂದದ ಅವರಿಗೆ."

ಭುವನೇಶ್ವರಿ ಮಗಳ ಮುಖವನ್ನೇ ನೋಡಿದಳು. "ರೊಟ್ಟಿ ನೋಡ್ಯಾರೇನ ಅವರು?"

"ರೊಟ್ಟಿ ಕೌನ್ ನೋಡ್ತಾರ ಮಮ್ಮಿ? ಕೈ ನೋಡ್ತಾರ."

"ಆ ಆಫೀಸಿನ್ಯಾಗ ಯಾರಿಗರೆ ರೊಟ್ಟಿ ಬಡಿಯಾಕ ಬರತೈತೇನ?"

"ನನಗೇ ಬರಲ್ಲ," ಅನುರಾಧಾ ನಕ್ಕಳು. "ಇನ್ನ ಹನ್ನೊಂದು ಗಂಟೆ ಅಷ್ಟೇ ಮಮ್ಮಿ. ಪ್ಲೀಸ್."

ಭುವನೇಶ್ವರಿ ಚಹಾಕ್ಕೆ ನೀರಿಟ್ಟಳು. ಹಾಗಾದರೆ ಆ ನಕ್ಷತ್ರಗಳು ಯಾವುದಕ್ಕೆ ಬಿದ್ದವು? ಯಾರೂ ರೊಟ್ಟಿ ತಿಂದಿರಲಿಲ್ಲ, ಮುರಿದಿರಲಿಲ್ಲ, ಹಂಚಿನ ಮೇಲೆ ಉಬ್ಬಿದ್ದನ್ನೂ ನೋಡಿರಲಿಲ್ಲ. ಅವಳು ಮಾತು ಬಿಟ್ಟದ್ದನ್ನು, ಬಳೆ ಬಿಟ್ಟದ್ದನ್ನು, ಬೆವರು ಒರೆಸಿಕೊಳ್ಳದೆ ಕೂತದ್ದನ್ನು ಮೆಚ್ಚಿದ್ದರು. ಅಂಥ ಹೆಣ್ಣನ್ನು ಮೆಚ್ಚುವವರನ್ನು ಅವಳು ಮೊದಲೂ ಕಂಡಿದ್ದಳು. ಮದುವೆಗೆ ಮುಂಚೆ ನೋಡಲು ಬಂದವರೆಲ್ಲ ಹಾಗೇ ಕೂತು ನೋಡುತ್ತಿದ್ದರು. ಸಿಟ್ಟು ಅವಳಿಗೆ ನಿಧಾನವಾಗಿ ಬಂತು, ಬಂದದ್ದು ಹೋಗಲಿಲ್ಲ.

"ಉಳಿದ ಗಂಟೆ ನಮ್ಮನ್ಯಾಗ ಮಾಡಿಕೊಡ್ತೀನಿ," ಅಂದಳು. "ಮಧ್ಯಾಹ್ನ, ನಾ ಒಬ್ಬಾಕಿನ. ಆ ಖೋಲಿಗೆ ಇನ್ನ ಫೋನ ಒಯ್ಯೂದಿಲ್ಲ."

"ಅದು ಇನ್ನೂ ಬೆಸ್ಟ್," ಅಂದಳು ಮಗಳು. "ಅಲ್ಲಿ ಗದ್ದಲ ಇರ್ತದ."

ಮರುದಿನ ಬೆಳಿಗ್ಗೆ ಭುವನೇಶ್ವರಿ ಹನುಮವ್ವನ ಬಾಗಿಲಲ್ಲಿ ನಿಂತಳು. ಹನುಮವ್ವ ತಲೆ ಬಾಚಿಕೊಳ್ಳುತ್ತಿದ್ದಳು, ತಿರುಗಿ ನೋಡಲಿಲ್ಲ.

"ನಿನ್ನೆ ಟೀಚರ ಮನಿ ರೊಟ್ಟಿ ಕೆಡಿಸಿದೆ ಯಕ್ಕಾ."

"ನಜಮಾ ಹೇಳ್ಯಾಳ. ಯಾವ ಚೀಲಾ ಬಿಚ್ಚಿದ್ದರಿ?"

"ಮೂಲ್ಯಾಗಿಂದು."

"ಅದು ಶಿವರಾತ್ರಿ ಮುಂದಿಂದು. ದನಾನೂ ಮೂಸೂದಿಲ್ಲ ಅದನ್ನ." ಬಾಚಣಿಗೆಯ ಕೂದಲು ಸುತ್ತಿ ಗೋಡೆಯ ಬಿರುಕಿಗೆ ಸಿಕ್ಕಿಸಿ ಎದ್ದಳು. "ಬಳ್ಳೊಳ್ಳಿ ಸುಲದು ಉಗುರು ಉರೀತಾವ. ಆ ಹತ್ತು ಮಂದೀಗೂ ಸೀರಿಯಲ್ ಬಿಟ್ಟರ ಬ್ಯಾರೆ ಮಾತ ಬರೂದಿಲ್ಲ. ನಡಿ. ಆದರ ನಾ ಬಾಯಿ ಮುಚ್ಚೂದಿಲ್ಲ ನೋಡು."

"ಮುಚ್ಚಬ್ಯಾಡ."

"ಹುಡುಗಿ ಕೆಲಸ?"

"ಅದು ನಾ ನೋಡಕೋತೀನಿ."

ಆ ಬೆಳಿಗ್ಗೆ ಎಸರು ಕೊತಕೊತ ಕುದಿಯಿತು. ಮಾತಾಡಿಸದಿದ್ದರೆ ಮುಖ ಸಪ್ಪಗೆ ಮಾಡಿಕೊಳ್ಳುವ ಗೊಂಬೆಯೊಂದು ಎಲ್ಲೋ ಮಾರಾಟಕ್ಕೆ ಬಂದಿದೆ ಎಂದು ನಜಮುನ್ನೀಸಾ ಓದಿದಳು. ದುಡ್ಡು ಕೊಟ್ಟು ನಾದಿನಿಯನ್ನು ತರುವವರೂ ಇದ್ದಾರಲ್ಲ ಎಂದಳು ಹನುಮವ್ವ. ಭುವನೇಶ್ವರಿ ನಕ್ಕು ನಕ್ಕು ಒಂದು ರೊಟ್ಟಿ ಹರಿದಳು. ಟೀಚರ ಮನೆಗೆ ಎರಡು ಕಟ್ಟು ದುಡ್ಡು ಕೇಳದೆ ಕಳಿಸಿದರು.

ಹೊರಡುವಾಗ ಭುವನೇಶ್ವರಿ ಮೂಲೆಯ ಚೀಲವನ್ನು ಬಾಯಿ ಕಟ್ಟಿ ಸೊಂಟದ ಮೇಲೆ ಎತ್ತಿಕೊಂಡಳು.

"ಅದನ್ಯಾಕ ಒಯ್ತೀ?" ಹನುಮವ್ವ ಕೇಳಿದಳು.

"ಚೆಲ್ಲಾಕ," ಅಂದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಹಣೆಗೆ ಪಟ್ಟಿ ಬಿಗಿದುಕೊಂಡು, ನಾದುವ ಪರಾತಕ್ಕೆ ಆ ಹಿಟ್ಟು ಸುರಿದಳು. ಒಲೆಯ ಮೇಲೆ ನೀರಿನ ಪಾತ್ರೆ ಇತ್ತು. ಅಭ್ಯಾಸಕ್ಕೆ ಕೈ ಲೈಟರಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಹನ್ನೊಂದು ಗಂಟೆ. ಮಗಳಿಗೆ ಅದರಲ್ಲಿ ಒಂದು ನಿಮಿಷವೂ ಕಡಿಮೆಯಾಗಬಾರದು. ತಲೆ ಅಲುಗಬಾರದು, ಕೈ ಹೊರಗೆ ಹೋಗಬಾರದು, ಉಸಿರೂ ಕೇಳಬಾರದು, ಎಲ್ಲ ಅವರು ಹೇಳಿದಂತೆಯೇ. ದೂರದ ಯಾವುದೋ ಊರಿನ ಯಾವುದೋ ಅಡುಗೆಮನೆಯಲ್ಲಿ ಯಂತ್ರವೊಂದು ಈ ಕೈಯನ್ನು ನೋಡಿ ಕಲಿತು, ಒಂದು ಮಾತಾಡದೆ, ಅಂಚು ಮುಚ್ಚುತ್ತ ಮುಚ್ಚುತ್ತ, ದನವೂ ಮೂಸದ ರೊಟ್ಟಿಯನ್ನು ಬಡಿಯಲಿ.

ಎಸರಿಡುವುದಿಲ್ಲ ಎಂದುಕೊಂಡಳು. ಹನ್ನೊಂದು ಗಂಟೆಯಲ್ಲಿ ಒಂದು ಸಲವೂ ಇಡುವುದಿಲ್ಲ.

ನಲ್ಲಿ ತಿರುಗಿಸಿ ತಣ್ಣೀರು ಹಿಡಿದುಕೊಂಡಳು.