‘ಇಲ್ಲ’ ಅನ್ನುವುದಕ್ಕೆ ಎರಡು ದಿನ

ಹಳೇಬೀಡಿಗೆ ತರಬೇತಿ ಕೊಡಲು ಬರುವ ಪ್ರತಿಯೊಬ್ಬನೂ ಮೊದಲ ಸ್ಲೈಡಿನಲ್ಲಿ ಸಳ ಸಿಂಹವನ್ನು ಇರಿಯುವ ಚಿತ್ರ ಹಾಕುತ್ತಾನೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಸಿಂಹ ಯಾವುದು?’ ಎಂದಿರುತ್ತದೆ. ಅಲ್ಲಯ್ಯಾ, ಇಲ್ಲಿಯ ಜನ ಶಾಲೆಯ ಪ್ರವಾಸದಲ್ಲಿ ಆ ಸಿಂಹದ ಪಕ್ಕದಲ್ಲೇ ಕೂತು ಚಿತ್ರಾನ್ನ ತಿಂದವರು. ಅವರಿಗೆ ಅದನ್ನೇ ತೋರಿಸಿ ಫೀಸು ತೆಗೆದುಕೊಳ್ಳುವುದೆಂದರೆ ತೆಂಗಿನ ತೋಟದವನಿಗೆ ಎಳನೀರು ಮಾರಿದ ಹಾಗೆ. ನಮ್ಮ ಕಾರ್ಯಕ್ರಮದಲ್ಲಿ ಸಿಂಹದ ಸ್ಲೈಡು ಬೇಡ ಎಂದು ನಾನು ಗಾನವಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. “ಸ್ಲೈಡೇ ಬೇಡ ಬಿಡಿ ಸಾರ್” ಅಂದಳು. ಅದಕ್ಕೇ ಅವಳು ನನ್ನ ಪಾಲುದಾರಳು.

ನಾನು ಬಸವಕುಮಾರ್, ಅರಸೀಕೆರೆಯವನು. ಬಹಳ ವರ್ಷ ಒಂದು ಸೋಪಿನ ಕಂಪನಿಯ ಸೇಲ್ಸ್ ಮ್ಯಾನೇಜರಾಗಿ ಅಂಗಡಿ ಅಂಗಡಿ ಅಲೆದೆ. ಅದರ ಜೊತೆಗೇ ಸುತ್ತಲಿನ ಊರುಗಳ ಪೌರಾಣಿಕ ನಾಟಕಗಳಲ್ಲಿ ಕಿರೀಟ ಹೊತ್ತು ಗದೆ ತಿರುಗಿಸಿದೆ. ಗಾನವಿ ಹಗರೆಯ ಹುಡುಗಿ. ಎಂಬಿಎ ಮಾಡಿದ್ದಾಳೆ, ಚಿಕ್ಕಂದಿನಿಂದ ಭರತನಾಟ್ಯ ಕಲಿತಿದ್ದಾಳೆ, ನನ್ನ ಸಿಟ್ಟನ್ನು ಸಹಿಸುವ ತಾಳ್ಮೆಯನ್ನು ಎಲ್ಲಿ ಕಲಿತಳೋ ಗೊತ್ತಿಲ್ಲ. ನಾವಿಬ್ಬರೂ ಸೇರಿ ಕಂಪನಿಗಳ ನೌಕರರಿಗೆ ನಿಲ್ಲುವುದು, ಮಾತಾಡುವುದು, ಎದುರಿನವರ ಕಣ್ಣು ನೋಡುವುದನ್ನು ಹೇಳಿಕೊಡುತ್ತೇವೆ. “ಮಾತಾಡೋದ್ ಕಲ್ಸಕ್ಕೂ ದುಡ್ಡು ಕೊಡ್ತಾರೇನೋ?” ಎಂದು ನಮ್ಮಮ್ಮ ಗುರುಸಿದ್ದಮ್ಮ ಇವತ್ತಿಗೂ ಅನುಮಾನದಿಂದ ಕೇಳುತ್ತಾಳೆ.

ಈ ಸಲ ನಮ್ಮನ್ನು ಕರೆದವರು ಷಡಕ್ಷರಪ್ಪ ಸಾಹುಕಾರರು. ಅಪ್ಪನ ಕಾಲದ ಕೊಬ್ಬರಿ ಮಂಡಿಯನ್ನು ಎಣ್ಣೆ ಮಿಲ್ಲು, ಊರೂರಿನಲ್ಲಿ ಕೊಬ್ಬರಿ ಕೊಳ್ಳುವ ಸೆಂಟರು ಅಂತ ದೊಡ್ಡ ಕಂಪನಿ ಮಾಡಿದವರು. ನಮ್ಮ ಬೀದಿಯವರೇ. “ನಮ್ ಹುಡುಗ್ರಿಗೆ ಬಾಯಿ ಸ್ವಲ್ಪ ಕಮ್ಮಿ ಕಣಪ್ಪ ಕುಮಾರ. ಮಾತು ಬರೋ ಹಂಗೆ ಮಾಡು” ಅಂದರು. ಹಳೇಬೀಡಿನಲ್ಲಿ ಬೇಲೂರು ರಸ್ತೆಯ ಒಂದು ಹೋಟೆಲಿನ ಹಾಲ್ ಹಿಡಿದರು. ಎರಡು ದಿನದ ತರಬೇತಿ. ಎರಡನೆಯ ದಿನ ಮಧ್ಯಾಹ್ನ ಅವರೇ ಬಂದು ಪ್ರತಿ ಸೆಂಟರಿನವರ ಮಾತು ಕೇಳುತ್ತಾರೆ ಎಂದು ತೀರ್ಮಾನವಾಯಿತು.

ಮೊದಲ ದಿನ ಬೆಳಿಗ್ಗೆಯೇ ನಾವು ಎಡವಿದೆವು. ಗಾನವಿ ಎಲ್ಲರನ್ನೂ ಇಬ್ಬಿಬ್ಬರಾಗಿ ನಿಲ್ಲಿಸಿ ಸುಲಭವಾದ ಆಟ ಕೊಟ್ಟಳು: ಒಬ್ಬರು ಏನಾದರೂ ಅಧಿಕಪ್ರಸಂಗದ್ದು ಕೇಳಬೇಕು, ಇನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ‘ಇಲ್ಲ’ ಅನ್ನಬೇಕು. ಅಷ್ಟೇ. ಹಾರನಹಳ್ಳಿಯ ಸಂತೋಷನನ್ನು ಅವನ ಜೊತೆಗಾರ, “ನಿನ್ ಬೈಕು ಒಂದ್ ತಿಂಗ್ಳು ನಂಗ್ ಕೊಡ್ಲಾ” ಅಂದ. ಸಂತೋಷ ಬೆವರಿದ. “ತಗಂಡೋಗಣ್ಣ, ಆದ್ರೆ ಬ್ರೇಕ್ ಸ್ವಲ್ಪ ನೋಡುಸ್ಬೇಕು” ಅಂದ. ಇನ್ನೊಂದು ಜೋಡಿಯಿಂದ “ಸೋಮವಾರ ಕಳೀಲಿ” ಎಂದು ಕೇಳಿಸಿತು. ಮತ್ತೊಂದರಿಂದ “ಮನೇಲಿ ಒಂದ್ ಮಾತು ಕೇಳ್ತೀನಿ.” ಇಡೀ ಹಾಲಿನಲ್ಲಿ ಒಬ್ಬರ ಬಾಯಿಂದಲೂ ಆ ಎರಡಕ್ಷರ ಹೊರಡಲಿಲ್ಲ.

ಗಾನವಿ ನನ್ನ ಮುಖ ನೋಡಿದಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಮಂಡಿಯ ಜನರಿಂದ ‘ಇಲ್ಲ’ ಅನ್ನಿಸಲು ಹೊರಟೆನಲ್ಲ, ನಾನೆಂಥ ಬೆಪ್ಪ! ನಮ್ಮ ಮನೆಗಳಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ತುಂಬಿದೆ’ ಅನ್ನುತ್ತಾರೆ. ಬಳೆ ಒಡೆದರೆ ‘ಹಿಗ್ಗಿತು’ ಅನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಸಕ್ಕರೆ ಖಾಲಿಯಾಗಿದ್ದರೆ ಅಪ್ಪ ಗಿರಾಕಿಗೆ, “ಬೆಲ್ಲ ಒಳ್ಳೇದ್ ಬಂದದೆ, ತಗಂಡೋಗಿ” ಅನ್ನುತ್ತಿದ್ದನೇ ಹೊರತು ಇನ್ನೊಂದು ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಲಕ್ಷ್ಮಿ ಕೇಳಿಸಿಕೊಂಡಾಳು ಎಂಬ ಭಯ. ಈ ವಿಷಯದಲ್ಲಿ ಷಡಕ್ಷರಪ್ಪನವರು ಎಲ್ಲರಿಗಿಂತ ಒಂದು ಕೈ ಮೇಲು. ಅವರು ‘ಇಲ್ಲ’ ಅಂದದ್ದನ್ನು ಕೇಳಿದವರು ಅರಸೀಕೆರೆಯಲ್ಲೇ ಸಿಗುವುದಿಲ್ಲ. ಬೇಡದ್ದಕ್ಕೆಲ್ಲ ಅವರು ‘ನೋಡಾಣ’ ಅನ್ನುತ್ತಾರೆ. ಸಾಹುಕಾರರು ‘ನೋಡಾಣ’ ಅಂದರೆ ಎದ್ದು ಚಪ್ಪಲಿ ಹುಡುಕಿಕೊಳ್ಳಬೇಕು ಎಂಬುದು ಊರಿಗೆಲ್ಲ ಗೊತ್ತು.

ಆ ಆಟದಲ್ಲಿ ಬಾಯನ್ನೇ ಬಿಡದವಳು ಕಣಕಟ್ಟೆ ಸೆಂಟರಿನ ಭಾಗ್ಯ ಒಬ್ಬಳೇ. ಬಿ.ಕಾಂ. ಓದಿದವಳು, ಸೆಂಟರಿನ ಉಸ್ತುವಾರಿ ಅವಳದೇ. ಟೀ ಹೊತ್ತಿನಲ್ಲಿ ಬೋಂಡ ಕೈಯಲ್ಲಿ ಹಿಡಿದು ತಿನ್ನದೆ ನನ್ನ ಹತ್ತಿರ ಬಂದಳು.

“ಸಾ, ನಂಗೆ ಅದೊಂದ್ ಮಾತು ಕಲ್ಸಿಬುಡಿ. ಬ್ಯಾರೆ ಏನೂ ಬ್ಯಾಡ.”

“ಯಾವ ಮಾತಮ್ಮ?”

“ಅದೇ, ಇಲ್ಲ ಅನ್ನೋದು.”

ಸಾಹುಕಾರರು ಕಣಕಟ್ಟೆಯ ಸೆಂಟರನ್ನು ಮುಚ್ಚಿ ಹಾರನಹಳ್ಳಿಗೆ ಸೇರಿಸುವ ಯೋಚನೆಯಲ್ಲಿದ್ದರು. ಹಿಂದಿನ ವಾರ ಅವಳಿಗೆ ಫೋನು ಮಾಡಿ, ಏನಂತೀಯಮ್ಮ ಎಂದು ಕೇಳಿದ್ದರು. ಇವಳು ಅಭ್ಯಾಸಬಲದಿಂದ “ಆಗ್ಲಿ ಸಾವ್ಕಾರ್ರೇ” ಎಂದುಬಿಟ್ಟಿದ್ದಳು. ನಾಳೆ ಮಧ್ಯಾಹ್ನ ಎಲ್ಲರ ಎದುರು ಇನ್ನೊಂದು ಸಲ ಕೇಳುತ್ತಾರೆ. ಇನ್ನೊಂದು ಸಲ ‘ಆಗಲಿ’ ಅಂದರೆ ಮುಗಿಯಿತು.

“ನಂಗೇನ್ ತೊಂದ್ರೆ ಸಾ, ನನ್ನ ಹಾರನಹಳ್ಳಿಗೇ ಹಾಕ್ತಾರೆ. ಕೊಬ್ಬರಿ ಒಡ್ದು ಚಿಪ್ಪು ಬಿಡ್ಸೋ ಹೆಂಗುಸ್ರು ಇದಾರಲ್ಲ, ಬೋರಕ್ಕ, ಅವ್ರೆಲ್ಲ... ಅವ್ರು ಹಾರನಹಳ್ಳಿಗೆ ಹೋಗ್ ಬಂದು ಮಾಡಕ್ಕಾಯ್ತದಾ? ಸಂಜೆಗೆ ಮನೇಲಿ ಹಸ ಕರೀಬೇಕು, ಡೈರಿಗೆ ಹಾಲು ಹಾಕ್ಬೇಕು. ದಿನಾ ಬೋರಕ್ಕ ನಂಗೂ ಸೇರ್ಸಿ ರೊಟ್ಟಿ ತತ್ತಾಳೆ ಸಾ. ಅವ್ಳಿಗೆ ನಾಳಿಂದ ಬರ್ಬ್ಯಾಡ ಅಂತ ನಾನೆಂಗ್ ಹೇಳ್ಲಿ?”

ಸೋಪು ಮಾರುವಾಗ ಟಾರ್ಗೆಟ್ಟಿಗೆ ಹೆದರುವ ಎಷ್ಟೋ ಮಂದಿಯನ್ನು ನೋಡಿದ್ದೆ. ಇನ್ನೊಬ್ಬರ ಕೆಲಸಕ್ಕಾಗಿ ತುತ್ತು ಇಳಿಯದವರನ್ನು ನೋಡಿದ್ದು ಕಡಿಮೆ. ಆದರೂ ಒಳಗೊಳಗೇ ಅಳುಕು: ಫೀಸು ಕೊಟ್ಟವರ ಎದುರಿಗೇ ‘ಇಲ್ಲ’ ಅನ್ನು ಎಂದು ಹೇಳಿಕೊಡುವುದು ಉಂಡ ಮನೆಯ ಜಂತಿ ಎಣಿಸಿದ ಹಾಗಲ್ಲವೇ? ಗಾನವಿಯನ್ನು ಕೇಳಿದೆ. “ಮಾತು ಬರೋ ಹಾಗೆ ಮಾಡಿ ಅಂದವರು ಅವರೇ ತಾನೇ ಸಾರ್” ಎಂದು ಅವಳು ನನ್ನ ಪಾಲಿನ ಬೋಂಡವನ್ನೂ ತೆಗೆದುಕೊಂಡಳು.

ಮಾರನೆಯ ದಿನ ಊಟವಾದ ಮೇಲೆ, ಸಾಹುಕಾರರು ಬರಲು ಇನ್ನೂ ಹೊತ್ತಿದೆ ಎಂದುಕೊಂಡು ತಾಲೀಮು ಶುರು ಮಾಡಿದೆವು. ಸಾಹುಕಾರರ ಪಾತ್ರ ನನ್ನದು. ಹೋಟೆಲಿನವರ ದೇವರ ಗೂಡಿನಿಂದ ವಿಭೂತಿ ತಂದು ಹಣೆಗೆ ಬಳಿದುಕೊಂಡೆ. ಗಾನವಿಯ ಶಾಲನ್ನು ಹೆಗಲಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಒಂದು ಕಾಲು ಮಡಚಿ ಕೂತು, ಅವರ ಹಾಗೆಯೇ ಗಂಟಲು ಸರಿಮಾಡಿದೆ. ಹಾಲೆಲ್ಲ ಘೊಳ್ಳೆಂದು ನಕ್ಕಿತು. ಭಾಗ್ಯ ಮಾತ್ರ ತಟಕ್ಕನೆ ಎದ್ದು ಕೈಮುಗಿದಳು.

“ಏನಮ್ಮ, ಸೆಂಟರ್ ಮುಚ್ಚೋಣ್ವಾ?”

“ಆಗ್ಲಿ ಸಾವ್ಕಾರ್ರೇ.”

ಎಲ್ಲರೂ ಮತ್ತೆ ನಕ್ಕರು. ಗಾನವಿ ಭಾಗ್ಯಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಾದ ಅಗಲಿಸಿ, ಮಂಡಿ ಬಗ್ಗಿಸಿ ಅರೆಮಂಡಿಯಲ್ಲಿ ನಿಲ್ಲಿಸಿದಳು. ನೃತ್ಯದವರು ಹಾಗೆ ನಿಂತೇ ಕುಣಿಯುವುದು. ಹಾಗೆ ನಿಂತವರು ತಲೆ ತಗ್ಗಿಸಿದರೆ ಮುಗ್ಗರಿಸುತ್ತಾರೆ ಅನ್ನುವುದು ಅವಳ ಸಿದ್ಧಾಂತ. ಈ ಸಲ ಭಾಗ್ಯ ತಲೆಯೆತ್ತಿಯೇ “ಆಗ್ಲಿ” ಅಂದಳು.

ನನ್ನ ತಾಳ್ಮೆ ಎಷ್ಟು ಹೊತ್ತಿನದು? ನಾಟಕದವನ ತಲೆಗೆ ಪಾತ್ರ ಏರಿದರೆ ಎದುರಿಗೆ ಖಳನಾದರೂ ಬೇಕು, ತಾನೇ ಖಳನಾದರೂ ಆಗಬೇಕು. ಮೇಜು ಗುದ್ದಿ ಎದ್ದೆ. “ಆ ಹೆಂಗಸರಿಗೆಲ್ಲ ಯಾಕಮ್ಮ ಕೆಲ್ಸ? ಮನೇಲಿ ರೊಟ್ಟಿ ತಟ್ಕಂಡ್ ಬಿದ್ದಿರ್ಲಿ!” ಎಂದು ಅಬ್ಬರಿಸಿದೆ.

ಭಾಗ್ಯಳ ಮುಖ ಕೆಂಪೇರಿತು. “ಇಲ್ಲ!” ಎಂದು ಕೂಗಿದಳು. “ಮುಚ್ಚಕ್ಕೆ ಬಿಡಕಿಲ್ಲ! ಅವ್ರ ಸುದ್ದಿಗೆ ಬಂದ್ರೆ ನಾನ್ ಸುಮ್ಕಿರಕಿಲ್ಲ!”

ಹಾಲಿನ ಕಿಟಕಿಗಳು ಅದುರುವಂತೆ ಚಪ್ಪಾಳೆ ಬಿತ್ತು. ಸಂತೋಷ ಕುರ್ಚಿಯ ಮೇಲೆ ಹತ್ತಿ “ಒನ್ಸ್ ಮೋರ್!” ಎಂದು ಶಿಳ್ಳೆ ಹಾಕಿದ. ನಮ್ಮ ಕಡೆಯ ನಾಟಕಗಳಲ್ಲಿ ಒನ್ಸ್ ಮೋರ್ ಬಂದರೆ ಸತ್ತ ರಾಜನೂ ಎದ್ದು ಕೂತು ಹಾಡಿ ಮತ್ತೆ ಸಾಯುತ್ತಾನೆ. ನಾನು ಬಿಡುತ್ತೇನೆಯೇ? ರೊಟ್ಟಿಯ ಮಾತನ್ನು ಮೊದಲಿಗಿಂತ ಜೋರಾಗಿ, ಕೈಯೆತ್ತಿ, ಮೀಸೆ ತಿರುವಿ ಹೇಳಿದೆ. ಭಾಗ್ಯ ಮೊದಲಿಗಿಂತ ಜೋರಾಗಿ “ಇಲ್ಲ!” ಅಂದಳು. ಆದರೆ ಈ ಸಲ ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಷಡಕ್ಷರಪ್ಪನವರು ಹೊಸ್ತಿಲ ಮೇಲೆ ನಿಂತಿದ್ದರು.

ಅವರು ನಿಧಾನವಾಗಿ ನಡೆದು ಬಂದರು. ನನ್ನ ಹಣೆಯ ವಿಭೂತಿ ನೋಡಿದರು, ಹೆಗಲ ಮೇಲಿನ ಶಾಲು ನೋಡಿದರು.

“ನಾನು ಯಾವತ್ತಾದ್ರೂ ಹಂಗೆ ಅಂದಿದ್ನಾ ಕುಮಾರ?”

ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವರು ಯಾವತ್ತೂ ಹಾಗೆ ಅಂದವರಲ್ಲ. ಅಂಥ ಮಾತು ಅವರ ಮನೆಯಲ್ಲೇ ಹುಟ್ಟುವುದಿಲ್ಲ. “ತಪ್ಪಾಯ್ತು” ಎಂದೆ.

“ಸರಿ ಆ ಕಡೆ. ನನ್ನ ಪಾತ್ರ ನಾನೇ ಮಾಡ್ತೀನಿ” ಎಂದು ಆ ಕುರ್ಚಿಯಲ್ಲಿ ಕೂತರು. ಭಾಗ್ಯಳ ಕಡೆ ತಿರುಗಿದರು. “ಕಣಕಟ್ಟೆಯಿಂದ ಎಷ್ಟೊತ್ತಿಗೆ ಹೊರಟ್ಯಮ್ಮ? ಊಟ ಆಯ್ತಾ? ನಿಮ್ಮವ್ವನ ಮಂಡಿನೋವು ಹೆಂಗದೆ?” ಎಲ್ಲಕ್ಕೂ ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದರು, “ಸೆಂಟರ್ ವಿಚಾರ. ಹಾರನಹಳ್ಳಿಗೆ ಸೇರ್ಸೋಣ ಅಂತಿದೀನಿ. ನೀನೇನಂತೀಯ?”

ನನ್ನ ತರಬೇತಿಯ ಮೂರ್ಖತನ ನನಗೆ ಹೊಳೆದದ್ದು ಆಗ. ಗದರುವವನಿಗೆ ಎದುರು ಮಾತಾಡಲು ಯಾರಿಗಾದರೂ ಬರುತ್ತದೆ. ನಾನು ಅವಳಿಗೆ ಖಳನ ಜೊತೆ ಜಗಳವಾಡಲು ಕಲಿಸಿದ್ದೆ. ಊಟವಾಯಿತೇ, ತಾಯಿ ಹೇಗಿದ್ದಾಳೆ ಎಂದು ಕೇಳುವ ಮನುಷ್ಯನಿಗೆ ಒಲ್ಲೆ ಅನ್ನುವುದು ಹೇಗೆಂದು ನನಗೇ ಗೊತ್ತಿರಲಿಲ್ಲ. ನಾಟಕದಲ್ಲಿ ಅಂಥ ಸೀನು ಬರುವುದೇ ಇಲ್ಲ.

ಭಾಗ್ಯ ನನ್ನ ಕಡೆ ನೋಡಿದಳು. ಮಾತು ಮರೆತವರಿಗೆ ಪರದೆಯ ಮರೆಯಿಂದ ಎತ್ತಿಕೊಟ್ಟು ಅಭ್ಯಾಸವಾದ ನಾಲಿಗೆ ನನ್ನದು. ಬಾಯಿ ತೆರೆದೇಬಿಟ್ಟಿದ್ದೆ. ಗಾನವಿ ನನ್ನ ಕಾಲನ್ನು ತುಳಿದಳು. ವರ್ಷಗಟ್ಟಲೆ ನೆಲ ಕುಟ್ಟಿದ ಹಿಮ್ಮಡಿ ಅದು, ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಭಾಗ್ಯ ಅರೆಮಂಡಿ ಹಾಕಲಿಲ್ಲ. ಸೊಂಟದ ಸೆರಗನ್ನು ಬಿಡಿಸಿ, ಒಂದು ಕುರ್ಚಿ ಎಳೆದುಕೊಂಡು ಬಂದು ಸಾಹುಕಾರರ ಪಕ್ಕದಲ್ಲಿ ಕೂತಳು. ಹಾಗೆ ಅವರ ಸರಿಸಮಕ್ಕೆ ಕೂತವರನ್ನು ನಾನು ಕಂಡಿರಲಿಲ್ಲ.

“ಇಲ್ಲ ಸಾವ್ಕಾರ್ರೇ” ಅಂದಳು, ಮನೆಯಲ್ಲಿ ಮಾತಾಡುವ ದನಿಯಲ್ಲಿ. “ಫೋನಾಗೆ ಆಗ್ಲಿ ಅಂದೆ. ಅದು ನನ್ ಮನಸ್ನಾಗಿನ ಮಾತಲ್ಲ. ನೀವು ಸೆಂಟರ್ ಮುಚ್ಚುದ್ರೆ ನಮ್ಮೂರೋರು ಕೊಬ್ಬರಿನ ಹಾರನಹಳ್ಳಿಗೆ ತರಕಿಲ್ಲ. ತಿಪಟೂರಿನ್ ಮಂಡಿ ಗಾಡಿಯೋರು ಮನೆ ಅಟ್ಟದ್ ತಾವಕ್ಕೇ ಬಂದು ತುಂಬ್ಕಂಡೋಗ್ತಾರೆ. ಅದು ನಿಮ್ಗೆ ನಷ್ಟ. ಹೆಂಗುಸ್ರಿಗೆ ಕೆಲ್ಸ ಹೋಯ್ತದೆ, ಅದು ನಂಗೆ ನಷ್ಟ. ಎರಡೂ ಬ್ಯಾಡ.”

ಸಾಹುಕಾರರು ಕುರ್ಚಿಯಲ್ಲಿ ಒಂದು ಕಾಲು ಮಡಚಿದರು. ಗಂಟಲು ಸರಿಮಾಡಿದರು.

“ನೋಡಾಣಮ್ಮ.”

ಹಾಲಿನಲ್ಲಿ ಎಲ್ಲರ ಉಸಿರೂ ಒಟ್ಟಿಗೆ ಇಳಿಯಿತು. ಸಂತೋಷ ಆಗಲೇ ಬಗ್ಗಿ ಬ್ಯಾಗು ಹುಡುಕುತ್ತಿದ್ದ. ಭಾಗ್ಯ ಏಳಲಿಲ್ಲ.

“ನೋಡಾಣ ಅನ್ಬ್ಯಾಡಿ” ಅಂದಳು. ಈಗ ಅವಳ ದನಿ ನಡುಗುತ್ತಿತ್ತು. “ನೀವು ನೋಡಾಣ ಅಂದ್ರೆ ಏನೂಂತ ನಮ್ಗೆಲ್ಲ ಗೊತ್ತೈತೆ. ನಾನು ಇಷ್ಟ್ ಕಷ್ಟಪಟ್ಟು ನಿಮ್ ಮಖ ನೋಡ್ಕಂಡು ಇಲ್ಲ ಅಂದೀನಿ. ನೀವೂ ಅನ್ನಿ. ಹೂಂ ಅನ್ನಿ, ಇಲ್ಲ ಅನ್ನಿ, ಎರಡ್ರಾಗೊಂದು. ನೀವು ಇಲ್ಲಿ ಅಂದಿದ್ದನ್ನ ನಾನು ಅಲ್ಲಿ ಹೋಗಿ ಅವ್ರಿಗೆ ಹೇಳ್ಬೇಕು.”

ಅವರ ಬಾಯಿ ತೆರೆಯಿತು. ಆ ಮಾತಿನ ಮೊದಲ ಅಕ್ಷರಕ್ಕೆ ತುಟಿ ಅಗಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟಕ್ಕೇ ನಿಂತಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹುಟ್ಟಿದಾಗಿನಿಂದ ಆ ಮಾತಿಗೆ ಹೊರಳದ ನಾಲಿಗೆಯನ್ನು ಈಗ, ಕೊಬ್ಬರಿ ಸೆಂಟರಿನ ಹುಡುಗಿಯ ಎದುರು ಹೊರಳಿಸಬೇಕಾಗಿತ್ತು. ಅವಳು ಕಣ್ಣು ಕೀಳದೆ ಕಾಯುತ್ತಿದ್ದಳು.

“ಹೂಂ ಕಣಮ್ಮ” ಅಂದರು ಕೊನೆಗೆ. “ಮುಚ್ಚೋದು ಬ್ಯಾಡ. ನಡೀಲಿ.”

ಅವರಿಗೆ ಅವಳ ಲೆಕ್ಕ ಒಪ್ಪಿಗೆಯಾಯಿತೋ, ಬೇರೆ ಮಾತು ಬಾಯಿಗೆ ಬರದೇ ಹೋಯಿತೋ, ನಾನು ಕೇಳಲಿಲ್ಲ. ನನಗೆ ಆಗ ಆ ಇಬ್ಬರ ಮೇಲೂ ಎಷ್ಟು ಪ್ರೀತಿ ಉಕ್ಕಿತೆಂದರೆ, ಹಣೆಯ ಮೇಲೆ ಕದ್ದ ವಿಭೂತಿ ಇದ್ದದ್ದೂ ಮರೆತುಹೋಗಿತ್ತು.

ಭಾಗ್ಯ ಥ್ಯಾಂಕ್ಸ್ ಹೇಳಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಕೂತಲ್ಲಿಂದಲೇ ಫೋನು ತೆಗೆದು ಕಿವಿಗಿಟ್ಟುಕೊಂಡಳು. ಆಚೆ ಕಡೆಯ ದನಿಯೂ ನಮಗೆ ಕೇಳುತ್ತಿತ್ತು.

“ಬೋರಕ್ಕ, ನಾಳಿಕ್ಕೆ ಕೆಲ್ಸಕ್ಕೆ ಬಾ.”

“ದಿನಾ ಬತ್ತೀನಲ್ಲಮ್ಮಿ. ಇದ್ಯಾಕೆ ಇವತ್ತು ಫೋನ್ ಮಾಡಿ ಕರೀತಿದೀಯಾ?”

“ಸುಮ್ಕೆ ಕಣಕ್ಕ” ಅಂದಳು ಭಾಗ್ಯ, ಅಷ್ಟೂ ಜನರ ಎದುರು ಬಿಕ್ಕಿ ಬಿಕ್ಕಿ ಅಳುತ್ತ. “ಸುಮ್ಕೆ ಮಾಡ್ದೆ.”