ತೇಯೆ ಮೇಷ್ಟ್ರ ಪರಮಾಣು

ಕಡಲು ಗೋರಿಗಳ ಬೇಲಿಯನ್ನು ಮುಟ್ಟಿದ ವರ್ಷ ಆಡಾ ಊರಿನ ಚರ್ಚಿನ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ಸತ್ತವರನ್ನೆಲ್ಲ ಎಬ್ಬಿಸಿ, ಊರ ಮೇಲ್ಗಡೆಯ ಬೇವಿನ ತೋಪಿನಲ್ಲಿ ಮತ್ತೆ ಮಣ್ಣು ಮಾಡಬೇಕು. ಅದಕ್ಕೆ ಪ್ರತಿ ಮನೆಯವರೂ ಒಪ್ಪಬೇಕು. ಎಲ್ಲರೂ ಒಪ್ಪಿದರು. ಒಪ್ಪದೆ ಉಳಿದವರು ತೇಯೆ ಕಬುಟೆ ಒಬ್ಬರೇ.

ಅವರು ಊರಿನ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಚರ್ಚಿನ ಹಿರಿಯರಲ್ಲಿ ಒಬ್ಬರು, ಊರಿಗೆಲ್ಲ ಮೇಷ್ಟ್ರು. ಅವರ ಹೆಂಡತಿ ಅಕುಯೊ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಕೆಯ ಗೋರಿ ಕಡಲ ಕಡೆಯ ಸಾಲಿನಲ್ಲೇ ಇತ್ತು. ಅದನ್ನು ಹಾಗೇ ಬಿಟ್ಟರೆ ಬರುವ ಮಳೆಗಾಲದ ಅಲೆಗಳು ಪೆಟ್ಟಿಗೆಸಮೇತ ಕೊಂಡೊಯ್ಯುವುದು ಖಂಡಿತ ಎಂದು ಮೀನುಗಾರರು ಹೇಳುತ್ತಿದ್ದರು.

ಮೇಷ್ಟ್ರು ಅದನ್ನು ನಂಬುತ್ತಿರಲಿಲ್ಲ. ಅವರದೇ ಒಂದು ಸಿದ್ಧಾಂತವಿತ್ತು. ಪರಮಾಣುವಿನ ಒಳಗೆ ಏನೂ ಸುತ್ತುವುದಿಲ್ಲ, ಏನೂ ನಡುಗುವುದಿಲ್ಲ. ಅದು ಕಲ್ಲಿನ ಗುಂಡಿನಂತೆ ಗಟ್ಟಿ. ಅಂಥ ಗುಂಡುಗಳು ಒಂದೇ ಗೆರೆಯಲ್ಲಿ ಕೂಡಿಕೊಂಡರೆ ಬಾಗದ ಕೋಲಾಗುತ್ತದೆ. ಶಾಖಕ್ಕೆ ಹಿಡಿದು ನೇತಾಡಲು ಒಂದು ಕೊಂಕು ಬೇಕು. ನೀರಿನ ಅಣು ಸೊಟ್ಟಗಿದೆ, ಅದಕ್ಕೇ ಮೋಡ ಕವಿದ ರಾತ್ರಿ ಸೆಕೆ. ಇಂಗಾಲದ ಡೈಆಕ್ಸೈಡಿನಲ್ಲಿ ಮೂರು ಗುಂಡು ನೆಟ್ಟಗೆ ಒಂದು ಸಾಲು. ಶಾಖ ಅದನ್ನು ಮುಟ್ಟದೆ ದಾಟಿಹೋಗುತ್ತದೆ. ಹಾಗಿರುವಾಗ ಆ ಅನಿಲ ಭೂಮಿಯನ್ನು ಕಾಯಿಸುವುದೆಲ್ಲಿ ಬಂತು, ಕಡಲು ಉಕ್ಕುವುದೆಲ್ಲಿ ಬಂತು? ನದಿಗೆ ಕಟ್ಟಿದ ಅಣೆಕಟ್ಟು ಮಣ್ಣು ತಡೆಯಿತು, ಕಳ್ಳರು ದಂಡೆಯ ಮರಳು ಹೊತ್ತರು, ಕಡಲು ಒಳಗೆ ಬಂತು. ಅದು ನಿಂತರೆ ಇದೂ ನಿಲ್ಲುತ್ತದೆ. ಈ ಸಿದ್ಧಾಂತವನ್ನು ಅವರು ಪುಸ್ತಿಕೆ ಮಾಡಿ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಗೆ ಕಳಿಸಿದ್ದರು. ಯಾರೂ ಮರುಮಾತು ಬರೆದಿರಲಿಲ್ಲ. ಹೇಳಲು ಉತ್ತರವಿಲ್ಲದ್ದಕ್ಕೇ ಸುಮ್ಮನಿದ್ದಾರೆ ಎಂದು ಮೇಷ್ಟ್ರು ತಿಳಿದಿದ್ದರು.

ಪಾದ್ರಿ ನಾರ್ಟೆ ಮನೆಗೆ ಬಂದು ಕುಳಿತರು. ಅವರು ಮೇಷ್ಟ್ರ ಹಳೆಯ ವಿದ್ಯಾರ್ಥಿ. "ಮೇಷ್ಟ್ರೇ, ಅಮ್ಮನವರೊಬ್ಬರನ್ನೇ ಆ ಬಯಲಲ್ಲಿ ಬಿಟ್ಟು ಬರೋಕೆ ನಮಗೆ ಮನಸ್ಸು ಬರತ್ತಾ?"

"ಮಲಗಿದ್ದಾಳೆ ಕಣಯ್ಯಾ ಅವಳು. ಲೋಕದ ಕಡೇ ದಿನ ದೇವರ ತುತೂರಿಗೆ ಏಳಬೇಕಾದವಳನ್ನ ನಿಮ್ಮ ಗುದ್ದಲಿ ಸದ್ದಿಗೆ ಎಬ್ಬಿಸ್ತೀರಾ? ಇನ್ನು ಲೋಕದ ಮೇಲೆ ನೀರು ಹರಿಸಲ್ಲ ಅಂತ ದೇವರು ನೋಹನಿಗೆ ಮಾತು ಕೊಟ್ಟಿಲ್ವಾ?"

"ಲೋಕದ ಮಾತು ಸರಿ. ಆಡಾದ ದಂಡೆ ಬಗ್ಗೆ ಮಾತು ಕೊಟ್ಟಿದ್ದು ನಾನು ಎಲ್ಲೂ ಓದಿಲ್ಲ."

ಒಳಗೆ ಊಟಕ್ಕೆಂದು, ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕೆಂಕೆ ಉಂಡೆ ಬಿಚ್ಚುತ್ತಿದ್ದ ಮೇಷ್ಟ್ರ ಮಗಳು ಮಾಕುವಿಗೆ ನಗು ಬಂತು. ಅವಳು ರಾಜಧಾನಿ ಅಕ್ರಾದ ಹವಾಮಾನ ಕಚೇರಿಯಲ್ಲಿದ್ದಳು, ರಜೆಗೆ ಬಂದಿದ್ದಳು. ಮೇಷ್ಟ್ರು ಆ ನಗುವಿನ ಕಡೆಗೇ ತಿರುಗಿದರು.

"ನಗು, ನಗು. ಆ ಅನಿಲ ಶಾಖ ಹಿಡಿಯೋದನ್ನ ನನ್ನ ಕಣ್ಣಿಗೆ ತೋರ್ಸು. ಅವತ್ತೇ ನಿಮ್ಮಮ್ಮನ್ನ ಎಬ್ಬಿಸೋಕೆ ಒಪ್ತೀನಿ. ತೋರ್ಸೋಕಾಗ್ಲಿಲ್ವೋ, ಆಮೇಲೆ ಯಾರೂ ಆ ಗೋರಿ ಮಾತು ಎತ್ತಬಾರ್ದು. ಪಾದ್ರಿಗಳೇ, ನೀವೇ ಸಾಕ್ಷಿ."

"ಆಗ್ಲಿ ಅಪ್ಪ," ಎಂದಳು ಮಾಕು, ಕೈ ಒರೆಸಿಕೊಳ್ಳುತ್ತ. "ನಾನು ಅಳೆಯೋ ಯಂತ್ರ ತರ್ತೀನಿ. ಉಳಿದಿದ್ದೆಲ್ಲ ನಿನ್ನ ಕೈಯಲ್ಲೇ ಆಗ್ಲಿ. ಆಮೇಲೆ ಮೋಸ ಅನ್ಬಾರ್ದು."

ಶನಿವಾರ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಂಗಣ ತುಂಬಿತು. ಮೇಷ್ಟ್ರು ಉದ್ದನೆಯ ಕೊಳಾಯಿ ಕೊಳವೆಯೊಂದನ್ನು ಮೇಜಿನ ಮೇಲೆ ಮಲಗಿಸಿ, ಎರಡು ಬಾಯಿಗೂ ಕುಡಿಯುವ ನೀರಿನ ಪೊಟ್ಟಣದ ತೆಳು ಪ್ಲಾಸ್ಟಿಕ್ ಬಿಗಿದಿದ್ದರು. ಒಂದು ಕಡೆ ಉರಿಯುವ ಮೇಣದಬತ್ತಿ, ಇನ್ನೊಂದು ಕಡೆ ಮಾಕು ತಂದ, ಶಾಖ ಅಳೆಯುವ ಮುಳ್ಳಿನ ಯಂತ್ರ. ನಡುವಿನ ಕೊಳವೆಯಲ್ಲಿ ಅನಿಲ ತುಂಬಿದಾಗ ಮುಳ್ಳು ಇಳಿದರೆ, ಬತ್ತಿಯ ಶಾಖವನ್ನು ಅದು ಹಿಡಿದಿಟ್ಟುಕೊಂಡಿತು ಎಂದರ್ಥ. ಅನಿಲಕ್ಕೆಂದು ಕೋರ್ಕೋರಕ್ಕ ತನ್ನ ಅಂಗಡಿಯಿಂದ, ಹುದುಗುತ್ತ ಆ ಅನಿಲವನ್ನೇ ಬಿಡುವ ನೊರೆಯುಕ್ಕುವ ಹೆಂಡದ ದೊಡ್ಡ ಬುರುಡೆಯನ್ನು ಹೊತ್ತು ತಂದಿದ್ದಳು.

"ಇಷ್ಟು ವರ್ಷಕ್ಕೆ ನನ್ನ ಹೆಂಡಕ್ಕೆ ಚರ್ಚಿನವರ ಮೇಜಿನ ಮೇಲೆ ಜಾಗ ಸಿಕ್ತು ನೋಡ್ರಪ್ಪ!" ಎಂದಳು ಎಲ್ಲರಿಗೂ ಕೇಳುವಂತೆ.

"ಅದರ ಗಾಳಿ ಸಾಕಮ್ಮ ನಮಗೆ," ಎಂದರು ಪಾದ್ರಿಗಳು.

"ಹೂಂ, ಹಿಂದಿನ ಬಾಗಿಲಿಗೆ ಬಂದಾಗ ಎಲ್ಲರೂ ಹಂಗೇ ಅಂತಾರೆ."

ನಗು ಅಡಗುವವರೆಗೆ ಮೇಷ್ಟ್ರು ಕಾದರು. ಆಮೇಲೆ ತರಗತಿಯ ದನಿಯಲ್ಲಿ ವಿವರಿಸಿದರು. ಹೆಂಡದ ಅನಿಲದಲ್ಲಿ ತೇವ ಇರುತ್ತದೆ. ತೇವ ಶಾಖ ಹಿಡಿದರೆ ಅದರ ಅಪವಾದ ಈ ಅನಿಲದ ತಲೆಗೆ ಬರುತ್ತದೆ. ಆದ್ದರಿಂದ ಮೊದಲು ಒಣಗಿಸಬೇಕು. ಒಣಗಿಸಲು ಅವರು, ಬುರುಡೆಗೂ ಕೊಳವೆಗೂ ನಡುವೆ ಜೋಡಿಸುವ ನಳಿಕೆಯೊಂದರಲ್ಲಿ ಬಿಳಿಯ ಪುಡಿ ತುಂಬಿಸಿ ತಂದಿದ್ದರು. ಅದು ನದಿಯ ಚಿಪ್ಪು ಸುಟ್ಟ ಸುಣ್ಣ. ಕಡಲ ಉಪ್ಪುಗಾಳಿಗೆ ಎಲ್ಲವೂ ಬೂಸಲು ಹಿಡಿಯುವ ಆ ಊರಿನಲ್ಲಿ, ಬಟ್ಟೆಯ ಪೆಟ್ಟಿಗೆಯಲ್ಲೂ ಕೀರ್ತನೆ ಪುಸ್ತಕಗಳ ಕಪಾಟಿನಲ್ಲೂ ತೇವ ತಿನ್ನಲೆಂದು ಒಂದು ಬಟ್ಟಲು ಸುಣ್ಣ ಇಡದ ಮನೆಯಿಲ್ಲ. ಒಣಗಿಸುವುದೆಂದರೆ ಆಡಾದವರ ಕೈ ತಾನಾಗಿ ಸುಣ್ಣದ ಕಡೆಗೆ ಹೋಗುತ್ತದೆ. ಮಾಕು ಯಂತ್ರದ ಮುಂದೆ ಕುಳಿತಿದ್ದಳು. ನಳಿಕೆಯಲ್ಲಿ ಏನಿದೆಯೆಂದು ಕೇಳಲಿಲ್ಲ. ಅಪ್ಪ ತಂದದ್ದು ಶಾಲೆಯ ಯಾವುದೋ ಲವಣವಿರಬೇಕು ಎಂದುಕೊಂಡಳು.

ಹೆಂಡ ಗುಳುಗುಳು ಎಂದಿತು. ಬಹಳ ಹೊತ್ತು ಕಾದರು. ಮುಳ್ಳು ಇದ್ದಲ್ಲೇ ಇತ್ತು.

"ಓದು ಮಗಳೇ, ಗಟ್ಟಿಯಾಗಿ ಓದು."

ಮಾಕು ಯಂತ್ರವನ್ನು ಮೆಲ್ಲಗೆ ತಟ್ಟಿದಳು, ಮತ್ತೆ ನೋಡಿದಳು. "ಮೊದಲಿದ್ದಷ್ಟೇ ಇದೆ," ಎಂದಳು. ಅವಳ ಮುಖ ಸಪ್ಪಗಾಯಿತು.

ಸಭೆಯಲ್ಲಿ ಚಪ್ಪಾಳೆ ಎದ್ದಿತು. ಯಾರೋ ಸ್ತುತಿಗೀತೆ ಎತ್ತಿಕೊಂಡರು. ಪಾದ್ರಿಗಳು ಬಂದು ಮೇಷ್ಟ್ರ ಕೈ ಹಿಡಿದು, "ಮಾತು ಮಾತೇ. ಅಮ್ಮನವರು ಅಲ್ಲೇ ಇರ್ಲಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಜನ ಹಾಡುತ್ತ ಬಾಗಿಲ ಕಡೆಗೆ ನಡೆದರು.

ಶಾಲೆಯಲ್ಲಿ ಈ ಅನಿಲದ ಪಾಠ ಕಲಿಸಿದಾಗಲೆಲ್ಲ ಮೇಷ್ಟ್ರು ಕೊನೆಯಲ್ಲಿ ಒಂದು ಬೆಂಕಿಕಡ್ಡಿ ಗೀರುತ್ತಿದ್ದರು. ಈ ಅನಿಲ ಬೆಂಕಿಯನ್ನು ಆರಿಸುತ್ತದೆ. ಕಡ್ಡಿ ಫಕ್ಕನೆ ಆರಿದಾಗ ಮಕ್ಕಳು ಓ ಎನ್ನುತ್ತಿದ್ದರು. ಈಗಲೂ ಕೈ ತಾನಾಗಿ ಆ ಕೆಲಸ ಮಾಡಿತು. ಕೊಳವೆಯ ಒಂದು ಬಾಯಿಯ ಪ್ಲಾಸ್ಟಿಕ್ ಸುಲಿದು, ಓರೆ ಮಾಡಿ, ಉರಿಯುವ ಕಡ್ಡಿಯನ್ನು ಬಾಯಿಗೆ ಹಿಡಿದರು.

ಕಡ್ಡಿ ಆರಲಿಲ್ಲ. ಬೆರಳು ಸುಡುವವರೆಗೂ ನೆಟ್ಟಗೆ ಉರಿಯಿತು.

ಮೇಷ್ಟ್ರು ನಳಿಕೆಯ ಕಡೆಗೆ ನೋಡಿದರು. ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಸುಣ್ಣ ತೇವವನ್ನಷ್ಟೇ ತಿನ್ನುವುದಿಲ್ಲ. ಈ ಅನಿಲವನ್ನೂ ತಿನ್ನುತ್ತದೆ. ಸುಣ್ಣದ ತಿಳಿನೀರಿಗೆ ಉಸಿರು ಊದಿ, ಅದು ಹಾಲಿನ ಬಣ್ಣಕ್ಕೆ ತಿರುಗುವುದನ್ನು ಊರಿನ ಅರ್ಧ ಜನಕ್ಕೆ ತೋರಿಸಿದವರು ಅವರೇ. ಕೊಳವೆಯಲ್ಲಿದ್ದದ್ದು ಬರಿಯ ಗಾಳಿ. ಮುಳ್ಳು ಯಾಕೆ ಇಳಿದೀತು?

ಯಾರೂ ನೋಡಿರಲಿಲ್ಲ. ಹಾಡು ಅಂಗಳಕ್ಕೆ ಇಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಕುಯೊ ಮಲಗಿದಲ್ಲೇ ಮಲಗುತ್ತಾಳೆ, ಸಿದ್ಧಾಂತ ಗೆದ್ದದ್ದು ಗೆದ್ದಂತೆಯೇ ಇರುತ್ತದೆ. ಚರ್ಚಿನ ಬಾಗಿಲಲ್ಲಿ ಆ ಪುಸ್ತಿಕೆಗಳನ್ನು ಮಾರುತ್ತಿದ್ದವಳು ಅಕುಯೊ. "ಇದರಲ್ಲಿ ಏನು ಬರೆದಿದ್ಯೋ ನನಗೆ ತಿಳಿಯಲ್ಲ. ಬರೆದವರು ಸುಳ್ಳು ಹೇಳಲ್ಲ, ತಗೊಳ್ಳಿ," ಎಂದು ಹೇಳಿಯೇ ಕೈಗೆ ಇಡುತ್ತಿದ್ದಳು. ಮೇಷ್ಟ್ರು ಒಂದು ಗಳಿಗೆ ಕಣ್ಣು ಮುಚ್ಚಿದರು. ಅದು ಪ್ರಾರ್ಥನೆಯಷ್ಟೇ ಉದ್ದವಿತ್ತು. ಆಮೇಲೆ ಮೇಜನ್ನು ಅಂಗೈಯಿಂದ ಬಲವಾಗಿ ಬಡಿದರು.

"ಯಾರು ಎದ್ದು ಹೋಗೋಕೆ ಹೇಳಿದ್ದು? ಕೂತ್ಕೊಳ್ಳಿ ಎಲ್ಲ! ಪಾಠ ಮುಗಿದಿಲ್ಲ."

ಹಳೆಯ ವಿದ್ಯಾರ್ಥಿಗಳು, ತಲೆ ನೆರೆತವರು ಕೂಡ, ಓಡಿಬಂದು ಕುಳಿತರು.

"ನಾನು ಸುಣ್ಣ ಹಾಕಿದೆ. ಆ ಅನಿಲಾನ ಅದು ದಾರೀಲೇ ತಿಂದು ಹಾಕ್ತು. ಕೊಳವೆಗೆ ಏನೂ ಬರ್ಲಿಲ್ಲ."

"ಅಯ್ಯೋ, ನನ್ನ ಹೆಂಡ ದಂಡವಾಯ್ತಾ?" ಎಂದಳು ಕೋರ್ಕೋರಕ್ಕ.

"ದಂಡ ಆಗಿಲ್ಲ. ಇನ್ನೂ ಉಕ್ತಾ ಇದೆ. ಮಾಕು, ಎರಡು ಸಲ ಅಳೆಯೋಣ. ಮೊದಲು ಬರೀ ಗಾಳೀನ ನೀರಿನ ಪಾತ್ರೆಯೊಳಗೆ ಹಾಯಿಸಿ ತುಂಬೋಣ. ಆಮೇಲೆ ಹೆಂಡದ ಅನಿಲಾನ ಅದೇ ಪಾತ್ರೆಯೊಳಗೆ ಹಾಯಿಸಿ ತುಂಬೋಣ. ತೇವ ಎರಡಕ್ಕೂ ಒಂದೇ ಆಗತ್ತೆ. ಆಮೇಲೂ ವ್ಯತ್ಯಾಸ ಬಂದ್ರೆ ಅದು ಅನಿಲದ್ದೇ."

ಮಾಕು ಅಪ್ಪನನ್ನು ನೋಡಿದಳು. "ಅಪ್ಪ, ಯೋಚನೆ ಮಾಡಿದ್ಯಾ? ಬಂದ್ರೆ..."

"ಪೈಪು ಹಿಡ್ಕೋ. ಮಾತು ಬೇಡ."

ಸುಣ್ಣದ ನಳಿಕೆ ತೆಗೆದು, ಬಾಯಿಗೆ ಮತ್ತೆ ಪ್ಲಾಸ್ಟಿಕ್ ಬಿಗಿದು ಅಳೆದರು. ಬರಿಯ ಗಾಳಿಗೆ ಮುಳ್ಳು ಹೆಚ್ಚುಕಡಿಮೆ ಮೊದಲಿದ್ದಲ್ಲೇ ನಿಂತಿತು. ಹೆಂಡದ ಅನಿಲ ತುಂಬುತ್ತ ಬಂದಂತೆ ಅದು ಇಳಿಯತೊಡಗಿತು. ಅವಸರವಿಲ್ಲದೆ, ಭರತ ಇಳಿಯುವ ಹಾಗೆ ಇಳಿದು, ಕೆಳಗೆ ನಿಂತಿತು. ಈ ಸಲ ಓದಲು ಅವರು ಮಗಳಿಗೆ ಹೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ತಾವೇ ಓದಿದರು, ಹಿಂದಿನ ಬೆಂಚಿಗೂ ಕೇಳುವಂತೆ. ಕೊಳವೆಯ ಬಾಯಿ ಬಿಚ್ಚಿ ಕಡ್ಡಿ ಗೀರಿ ಹಿಡಿದರು. ಫಕ್ಕನೆ ಆರಿತು. ಯಾರೂ ಓ ಎನ್ನಲಿಲ್ಲ.

"ಮೂರು ಗುಂಡು ಒಂದೇ ಸಾಲಲ್ಲಿರೋದು ನಿಜ ಅಪ್ಪ," ಎಂದಳು ಮಾಕು, ಮೆಲ್ಲಗೆ. "ಆದ್ರೆ ಸುಮ್ನೆ ನಿಂತಿರಲ್ಲ. ದೋಣಿಗೆ ಹತ್ತೋ ಹಲಗೆ ನೋಡು, ಕಾಲಿಟ್ರೆ ನಡು ತಗ್ಗಿ ಮತ್ತೆ ಏಳತ್ತಲ್ಲ, ಹಂಗೆ ಬಳುಕ್ತಾ ಇರತ್ತೆ. ಆ ಬಳುಕಿಗೇ ಶಾಖ ಸಿಕ್ಕೋದು. ಅಣೆಕಟ್ಟು, ಮರಳು ಅಂದ್ಯಲ್ಲ, ಅದೂ ಸುಳ್ಳಲ್ಲ. ಎಲ್ಲಾ ಸೇರಿಯೇ ನಮ್ಮ ದಂಡೆ ತಿಂತಿರೋದು."

"ಸಮಾಧಾನ ಬೇಡ ನನಗೆ. ತಪ್ಪಾಗಿರೋದು ನನ್ನ ಪರಮಾಣು. ದೇವರು ಮಾಡಿದ ಪರಮಾಣು ಸರಿಯಾಗೇ ಇದೆ." ಮೇಷ್ಟ್ರು ಪಾದ್ರಿಗಳ ಕಡೆಗೆ ತಿರುಗಿದರು. "ಸೋಮವಾರ ಎಬ್ಬಿಸಿ. ಅಲೆ ಬಂದು ಎಳ್ಕೊಂಡು ಹೋಗೋದಕ್ಕಿಂತ ನಾವೇ ಹಾಡಿ ಕರ್ಕೊಂಡು ಹೋಗೋದು ಮೇಲು."

ಸೋಮವಾರ ಬೆಳಿಗ್ಗೆ ಅವರು ಕಪ್ಪು ಬಟ್ಟೆ ಹೊದ್ದು ಎಲ್ಲರಿಗಿಂತ ಮೊದಲು ಗೋರಿಯ ಬಳಿ ನಿಂತಿದ್ದರು. ಅಲೆಯ ನೊರೆ ಬೇಲಿಯ ಗೂಟಗಳನ್ನು ನೆಕ್ಕಿ ಹೋಗುತ್ತಿತ್ತು. ಮೊದಲ ಗುದ್ದಲಿ ಬೀಳುವ ಮುಂಚೆ ಮೇಷ್ಟ್ರು ಬಗ್ಗಿ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಹೇಳಿದರು: "ಅಕುಯೊ, ಏಳೇ. ತುತೂರಿ ಇನ್ನೂ ಊದಿಲ್ಲ, ಹೆದರ್ಬೇಡ. ಸ್ವಲ್ಪ ಮೇಲಕ್ಕೆ ಹೋಗಿ ಮಲ್ಕೊಳೋಣ."

ಪೆಟ್ಟಿಗೆ ಇಡಿಯಾಗಿ ಎದ್ದಿತು. ಹಾಡಿನೊಂದಿಗೆ ಅದು ಬೇವಿನ ತೋಪು ಸೇರಿದಾಗ ಅಲ್ಲಿ ಅಗೆಯುವವರು ಕುಣಿಯನ್ನು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಮೇಷ್ಟ್ರು ಅಂಚಿನಲ್ಲಿ ನಿಂತು ಒಳಗೆ ನೋಡಿದರು. ಮಣ್ಣು ಕೆಂಪಗೆ, ಒಣಗಿ, ಗಟ್ಟಿಯಾಗಿತ್ತು.

"ಪಕ್ಕಕ್ಕೆ ಇನ್ನೊಬ್ಬರಿಗೆ ಜಾಗ ಬಿಟ್ಟಿದ್ದೀರಾ?"

"ಇನ್ಯಾರಿಗೆ ಮೇಷ್ಟ್ರೇ?" ಎಂದ ಅಗೆಯುವವರಲ್ಲೊಬ್ಬ.

"ಯಾರಿಗೆ ಅಂತ ಕೇಳ್ತಾನಲ್ಲ ಇವನು! ತರಗತೀಲೂ ಹಿಂಗೇ ಇದ್ದೆ ನೀನು. ಆ ಎಡಗಡೆ ಗೂಟ ಕಿತ್ತು ಆಚೆಗೆ ನೆಡು, ಇನ್ನೊಂದು ಮೊಳ."

ಅವನು ಗೂಟ ಕಿತ್ತು ಆಚೆಗೆ ನೆಟ್ಟ.